ಬೈಕಿನಿಂದ ಸ್ಕೂಟರಿಗೆ ಬಂದವನ ಏಳು ಪಾಠ

ಬನಶಂಕರಿಯಿಂದ ಬೆಳ್ಳಂದೂರಿನ ಕಚೇರಿಗೆ ಬಹುಕಾಲ 350 ಸಿಸಿ ಬೈಕಿನಲ್ಲೇ ಓಡಾಡಿದವನು ನಾನು. ಈಗ ವಾರದ ದಿನಗಳಲ್ಲಿ 125 ಸಿಸಿ ಸ್ಕೂಟರು. ‘ಗೇರಿಲ್ಲ, ಕ್ಲಚ್ಚಿಲ್ಲ, ಇನ್ನೇನಿದೆ ಕಲಿಯೋದಕ್ಕೆ?’ ಎಂದು ಬೈಕಿನವರು ಕೇಳುತ್ತಾರೆ. ಇದೆ. ಬೈಕಿನಲ್ಲಿ ಕೊನೇ ಗಳಿಗೆಯಲ್ಲಿ ಗೇರಿಳಿಸಿ, ಮಂಡಿಯಿಂದ ಟ್ಯಾಂಕ್ ಬಿಗಿಹಿಡಿದು ಪಾರಾಗಬಹುದು. ಸ್ಕೂಟರಿನಲ್ಲಿ ಆ ಎರಡೂ ಇಲ್ಲ. ಅಲ್ಲಿ ಕೈಕಾಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಣ್ಣು ಸ್ವಲ್ಪ ಮುಂಚೆಯೇ ಮಾಡಬೇಕು.

1. ಎಡಗೈಯ ಅಭ್ಯಾಸ ಬಿಡಿಸಿ

ಬೈಕಿನಲ್ಲಿ ಎಡಗೈಯ ಲಿವರ್ ಎಂದರೆ ಕ್ಲಚ್. ಗಾಬರಿಯಾದಾಗ ಅದನ್ನು ಪೂರ್ತಿ ಹಿಡಿದುಬಿಡುವುದು ಬೈಕಿನವರ ರೂಢಿ. ಸ್ಕೂಟರಿನಲ್ಲಿ ಅದೇ ಜಾಗದಲ್ಲಿ ಇರುವುದು ಬ್ರೇಕು. 2019ರಲ್ಲಿ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಾಂಬಿ ಬ್ರೇಕ್ ಇಲ್ಲವೇ ಎಬಿಎಸ್ ಕಡ್ಡಾಯವಾಯಿತು. ಕಾಂಬಿ ಬ್ರೇಕ್ ಇದ್ದರೆ ಎಡ ಲಿವರ್ ಒತ್ತಿದಾಗ ಹಿಂದಿನ ಚಕ್ರದ ಜೊತೆ ಮುಂದಿನದಕ್ಕೂ ಒಂದಿಷ್ಟು ಹಿಡಿತ ಬೀಳುತ್ತದೆ. ತಿರುವಿನಲ್ಲಿ ಮರಳಿದ್ದಾಗ, ಹ್ಯಾಂಡಲ್ ವಾಲಿದ್ದಾಗ ಒಮ್ಮೆಲೇ ಒತ್ತಿದರೆ ಗಾಡಿ ಜಾರುತ್ತದೆ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಎರಡೂ ಲಿವರುಗಳನ್ನು ಮೆಲ್ಲಗೆ ಶುರುಮಾಡಿ ಕ್ರಮೇಣ ಬಿಗಿಗೊಳಿಸುವುದನ್ನು ಕೈಗೆ ರೂಢಿಮಾಡಿಸಿ. ಗಟ್ಟಿಯಾಗಿ ನಿಲ್ಲಿಸುವ ಶಕ್ತಿ ಇರುವುದು ಬಲಗೈಯ ಮುಂದಿನ ಬ್ರೇಕಿನಲ್ಲೇ. ಅದನ್ನು ಮರೆತು ಎಡಗೈಯನ್ನೇ ನೆಚ್ಚಿಕೊಳ್ಳಬೇಡಿ.

2. ಗುಂಡಿಗೆ ಮೊದಲೇ ಬ್ರೇಕ್, ಗುಂಡಿಯಲ್ಲಿ ಬೇಡ

ನನ್ನ ಬೈಕಿನ ಚಕ್ರಗಳು 19 ಮತ್ತು 18 ಇಂಚಿನವು. 125ರ ಬಹುತೇಕ ಸ್ಕೂಟರುಗಳಲ್ಲಿ ಮುಂದೆ 12, ಹಿಂದೆ 10 ಅಥವಾ 12. ದೊಡ್ಡ ಚಕ್ರ ದಾಟಿಹೋಗುವ ಗುಂಡಿಯೊಳಗೆ ಚಿಕ್ಕ ಚಕ್ರ ಇಳಿಯುತ್ತದೆ. ಜೊತೆಗೆ ಸ್ಕೂಟರಿನ ಎಂಜಿನ್ ಫ್ರೇಮಿಗೆ ಭದ್ರವಾಗಿ ಕೂತಿರುವುದಿಲ್ಲ. ಹಿಂದಿನ ಚಕ್ರದೊಂದಿಗೇ ಮೇಲೆ ಕೆಳಗೆ ಆಡುತ್ತದೆ. ಅಷ್ಟು ಭಾರ ಕುಣಿದಾಗ ಶಾಕ್ ಅಬ್ಸಾರ್ಬರ್ ಎಷ್ಟು ತಡೆದೀತು? ಬೈಕಿನಲ್ಲಿ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಂತು ಹಂಪ್ ದಾಟುತ್ತಿದ್ದಂತೆ ಇಲ್ಲಿ ಆಗದು, ಕಾಲು ದೇಹದ ಮುಂದಿರುತ್ತದೆ. ಆದ್ದರಿಂದ ಗುಂಡಿಗೆ ಮುಂಚೆ ವೇಗ ಇಳಿಸಿ, ಒಳಗಿಳಿಯುವಾಗ ಬ್ರೇಕ್ ಬಿಟ್ಟುಬಿಡಿ. ಮಳೆ ಬಂದು ರಸ್ತೆ ಮುಳುಗಿದ್ದರೆ ಮುಂದಿನ ಗಾಡಿ ಹೋದ ಜಾಡಿನಲ್ಲೇ ಹೋಗಿ. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿಸಿ. ಹೆಚ್ಚಾದರೆ ಸೊಂಟಕ್ಕೆ ಪೆಟ್ಟು, ಕಡಿಮೆಯಾದರೆ ರಿಮ್ಮಿಗೆ.

3. ಜಾಮಿನಲ್ಲಿ ಎರಡು ಕೈ ಒಟ್ಟಿಗೆ ದುಡಿಯಲಿ

ಸ್ಕೂಟರಿನ ಕ್ಲಚ್ ತಾನಾಗಿ ಹಿಡಿಯುತ್ತದೆ, ಎಂಜಿನ್ ಒಂದಿಷ್ಟು ವೇಗವಾಗಿ ತಿರುಗಿದ ಮೇಲೆ. ಅದಕ್ಕೇ ಆಕ್ಸಿಲರೇಟರ್ ಕೊಟ್ಟಾಗ ಮೊದಲು ಏನೂ ಆಗುವುದಿಲ್ಲ, ಆಮೇಲೆ ತಟ್ಟನೆ ಮುನ್ನುಗ್ಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನ ಹಿಂದೆ ತೆವಳುವಾಗ ಇದು ತಾಪತ್ರಯ. ಉಪಾಯವೆಂದರೆ, ಆಕ್ಸಿಲರೇಟರನ್ನು ಸ್ವಲ್ಪವೇ ತಿರುಗಿಸಿ ಸ್ಥಿರವಾಗಿಟ್ಟು, ವೇಗವನ್ನು ಎಡಗೈಯ ಬ್ರೇಕಿನಿಂದ ಹದಮಾಡುವುದು. ಯೂ ಟರ್ನಿಗೂ ಇದೇ ಮದ್ದು. ಇದು ಕೂಡಿಬಂದರೆ, ನನ್ನ ಬೈಕ್ ಎಂದೂ ತಿರುಗದಷ್ಟು ಸಣ್ಣ ಜಾಗದಲ್ಲಿ ಸ್ಕೂಟರು ತಿರುಗುತ್ತದೆ. ಅದರ ತೂಕದ ಅರ್ಧಕ್ಕಿಂತ ಚೂರು ಹೆಚ್ಚು ಅಷ್ಟೇ ಈ ಗಾಡಿ.

4. ಏರು, ಇಳಿಜಾರು ಎರಡಕ್ಕೂ ಬ್ರೇಕೇ ಗತಿ

ಫ್ಲೈಓವರ್ ಏರಿನಲ್ಲಿ ಜಾಮಾದಾಗ ಆಕ್ಸಿಲರೇಟರ್ ಕೊಟ್ಟೇ ಗಾಡಿ ನಿಲ್ಲಿಸಿಕೊಳ್ಳುವವರನ್ನು ದಿನವೂ ನೋಡುತ್ತೇನೆ. ಒಳಗೆ ಕ್ಲಚ್ ಉಜ್ಜಿ ಉಜ್ಜಿ ಬಿಸಿಯಾಗುತ್ತಿರುತ್ತದೆ. ಬ್ರೇಕ್ ಹಿಡಿದು ನಿಲ್ಲಿ. ಇಳಿಜಾರಿನಲ್ಲಿ ಇನ್ನೊಂದು ಸಂಗತಿ: ವೇಗ ತೀರಾ ಇಳಿದಾಗ ಕ್ಲಚ್ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್ಲಿನಲ್ಲಿದ್ದಂತೆ ಉರುಳುತ್ತದೆ. ಎಂಜಿನ್ ಹಿಡಿದೆಳೆಯುವುದಿಲ್ಲ. ನಂದಿಬೆಟ್ಟದಂಥ ಕಡೆ ಇಳಿಯುವಾಗ ಒಂದೇ ಸಮ ಬ್ರೇಕ್ ಉಜ್ಜಿದರೆ ಕಾದು ಹಿಡಿತ ಸಡಿಲವಾಗುತ್ತದೆ, ಆಗಾಗ ನಿಲ್ಲಿಸಿ ಆರಲು ಬಿಡಿ. ಬೈಕಿನಂತೆ ಗೇರಿನಲ್ಲಿ ಬಿಟ್ಟು ಪಾರ್ಕ್ ಮಾಡುವಂತಿಲ್ಲವಾದ್ದರಿಂದ ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ನಂಬಬೇಡಿ.

5. ಬೆನ್ನಿನ ಭಾರ ಇಳಿಸಿ

ಸ್ಕೂಟರಿಗೆ ಬಂದ ಮೇಲೆ ಲ್ಯಾಪ್‌ಟಾಪ್ ಬ್ಯಾಗು ಬೆನ್ನಿನಿಂದ ಕಾಲ ಬುಡಕ್ಕೆ ಇಳಿಯಿತು. ಸಂಜೆ ತರಕಾರಿ, ಹತ್ತು ಕೆಜಿ ಅಕ್ಕಿ ಯಾವುದಕ್ಕೂ ಯೋಚಿಸಬೇಕಿಲ್ಲ. ಸೀಟಿನ ಕೆಳಗಿನ ಡಿಕ್ಕಿ ಸುಮಾರು 20 ಲೀಟರಿನದು. ಆದರೂ ಮುಖ ಮುಚ್ಚುವ ದೊಡ್ಡ ಹೆಲ್ಮೆಟ್ ಎಲ್ಲ ಗಾಡಿಗಳಲ್ಲೂ ಕೂರುವುದಿಲ್ಲ. ಡಿಕ್ಕಿಯ ಅಡಿಯಲ್ಲೇ ಎಂಜಿನ್ ಇರುವುದರಿಂದ ಒಳಗೆ ಕಾವು ಜಾಸ್ತಿ. ಗಾಂಧಿ ಬಜಾರಿನಲ್ಲಿ ಕೊಂಡ ಮಲ್ಲಿಗೆಯನ್ನು ಹೊರಗೆ ಕೊಕ್ಕೆಗೆ ತೂಗುಹಾಕಿ, ಒಳಗಿಟ್ಟರೆ ಬಾಡುತ್ತದೆ.

6. ನಿಲ್ಲಿಸಿದರೆ ಕೀ ಆಫ್

ಗೇರಿಲ್ಲದ ಗಾಡಿ ಚಾಲೂ ಇದ್ದರೆ ಹೊರಡಲು ಸಿದ್ಧವಾಗಿಯೇ ಇರುತ್ತದೆ. ಗೇಟು ತೆಗೆಯಲೆಂದು ಇಳಿದಾಗ ಮುಂದೆ ನಿಂತ ಮಗು ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಗೋಡೆಗೇ ಹೋಗುತ್ತದೆ. ಗಾಡಿ ತಳ್ಳುವಾಗ ಬಲಗೈ ಹಿಡಿಯ ಮೇಲಿದ್ದರೂ ಅದೇ ಅಪಾಯ. ಒಂದು ನಿಮಿಷಕ್ಕೆ ಇಳಿದರೂ ಆಫ್ ಮಾಡಿ. ಇದರಲ್ಲಿ ರಿಯಾಯಿತಿ ಇಲ್ಲ.

7. ಕಾಣದ ಬೆಲ್ಟಿನ ಲೆಕ್ಕ ಇಡಿ

ಚೈನ್ ಸಡಿಲವಾದರೆ ಸದ್ದು ಮಾಡುತ್ತದೆ. ಸ್ಕೂಟರಿನ ಬೆಲ್ಟ್ ಮುಚ್ಚಳದೊಳಗೆ ಸುಮ್ಮನೆ ಸವೆಯುತ್ತದೆ. ತುಂಡಾದ ದಿನ ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ಅದನ್ನು ಬದಲಿಸಿ. ಎಂಜಿನ್ ಆಯಿಲ್ ಜೊತೆ ಹಿಂದಿನ ಚಕ್ರದ ಬಳಿಯ ಗೇರ್ ಆಯಿಲನ್ನೂ ಬದಲಿಸಿದರೇ ಎಂದು ಸರ್ವಿಸಿನಲ್ಲಿ ಕೇಳಿ. ಮೈಲೇಜ್ ನನ್ನ ಬೈಕಿಗಿಂತ ಚೆನ್ನಾಗಿದೆ. ಟ್ಯಾಂಕ್ ಮಾತ್ರ ಐದು ಲೀಟರಿನ ಆಸುಪಾಸು, ಹಾಗಾಗಿ ಬಂಕಿನ ದಾರಿ ಹೆಚ್ಚು ಸಲ ತುಳಿಯಬೇಕು.

ಕೊಳ್ಳುವ ಮುಂಚೆ ಶೋರೂಮಿನ ಸುತ್ತ ಒಂದು ಸುತ್ತು ಹೊಡೆದರೆ ಏನೂ ತಿಳಿಯದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ಹಂಪ್, ಒಂದು ಏರು, ಒಂದು ಯೂ ಟರ್ನ್ ಮಾಡಿ ನೋಡಿ. ಮೂರರಲ್ಲೂ ಮೈ ಬಿಗಿಯದಿದ್ದರೆ ಅದು ನಿಮ್ಮ ಗಾಡಿ.