ಮನೆಯ ಕಂಪ್ಯೂಟರಿಗೆ ರಕ್ಷಣೆ: ಉಚಿತದ್ದು ಸಾಕೆ, ಹಣ ಕೊಡಬೇಕೆ?



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈಗ ಅನೇಕ ಮನೆಗಳಿಗೆ ಕಂಪ್ಯೂಟರ್ ಬಂದಿದೆ. ಮಕ್ಕಳ ಓದಿಗೆಂದು ತಂದದ್ದರಲ್ಲಿಯೇ ಅಡಿಕೆ ಮಾರಾಟದ ಲೆಕ್ಕ, ಪಹಣಿಯ ಪ್ರತಿ, ಬ್ಯಾಂಕಿನ ವ್ಯವಹಾರ, ಮದುವೆಯ ಫೋಟೋಗಳು ಎಲ್ಲವೂ ಸೇರಿಕೊಂಡಿವೆ. ಊರೂರಿಗೆ ಹೋದಾಗ ಹಲವರು ನನ್ನನ್ನು ಕೇಳುತ್ತಾರೆ: "ಆ್ಯಂಟಿವೈರಸ್ ಹಾಕಿಸಬೇಕಂತಲ್ಲ, ವರ್ಷ ವರ್ಷ ದುಡ್ಡು ಕಟ್ಟಬೇಕೋ, ಉಚಿತದ್ದು ಸಾಕೋ?" ನಾನು ಕೃಷಿ ಡಿಪ್ಲೊಮಾ ಓದಿದವನು, ಕಂಪ್ಯೂಟರ್ ಪಂಡಿತನಲ್ಲ. ಆದರೆ ಒಮ್ಮೆ ಪೆಟ್ಟು ತಿಂದು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ವೈರಸ್ ಎಂದರೇನು?

ಕಂಪ್ಯೂಟರಿನ ವೈರಸ್ ಜೀವವಿರುವ ಕ್ರಿಮಿಯಲ್ಲ. ಕೇಡು ಮಾಡಲೆಂದೇ ಯಾರೋ ಬರೆದ ಪ್ರೋಗ್ರಾಂ ಅದು. ಪೆನ್‌ಡ್ರೈವ್‌ನಿಂದಲೋ, ಇ-ಮೇಲ್‌ನಿಂದಲೋ, ಗೊತ್ತಿಲ್ಲದ ಜಾಗದಿಂದ ಇಳಿಸಿಕೊಂಡ ಫೈಲಿನಿಂದಲೋ ಒಳಗೆ ಬರುತ್ತದೆ. ಆ್ಯಂಟಿವೈರಸ್ ಎಂಬುದು ಅದನ್ನು ಗುರುತಿಸಿ ತಡೆಯುವ ಕಾವಲುಗಾರ.

ನಮ್ಮ ತೋಟದ ಕೊಳೆರೋಗವನ್ನೇ ನೆನೆಯಿರಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಈ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ರೂಢಿಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟು ಅಗ್ಗದ ಔಷಧಿ ಇಂದಿಗೂ ತೋಟ ಕಾಯುತ್ತಿದೆ. ಆದರೆ ಎರಡು ಕಟ್ಟಳೆಗಳುಂಟು. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಅಂದಂದು ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು. ಆ್ಯಂಟಿವೈರಸ್ಸಿಗೂ ಇದೇ ಮಾತು. ರೋಗ ಬರುವ ಮೊದಲೇ ಅದು ಇರಬೇಕು. ಅದರಲ್ಲಿರುವ ವೈರಸ್ಸುಗಳ ಪಟ್ಟಿ ಹೊಸದಾಗಿರಬೇಕು. ಇವೆರಡೂ ಇಲ್ಲದಿದ್ದರೆ ಎಷ್ಟು ಬೆಲೆ ಕೊಟ್ಟು ತಂದರೂ ಫಲವಿಲ್ಲ.

ನನಗಾದ ನಷ್ಟ

ಕೆಲವು ವರ್ಷಗಳ ಹಿಂದೆ ಪೇಟೆಯ ಒಂದು ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಕೊಟ್ಟೆ. ಮನೆಗೆ ಬಂದು ನೋಡಿದರೆ ಫೈಲುಗಳೆಲ್ಲ ಮಾಯ. ಆ ಹೆಸರುಗಳ ಶಾರ್ಟ್‌ಕಟ್‌ಗಳು ಮಾತ್ರ ಇದ್ದವು. ಗಾಬರಿಯಿಂದ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಎರಡು ವರ್ಷ ಬರೆದಿಟ್ಟಿದ್ದ ಮಣ್ಣು ಪರೀಕ್ಷೆಯ ವಿವರ, ಮಳೆಯ ಲೆಕ್ಕ ಎಲ್ಲವೂ ಹೋಯಿತು. ಅಂಥ ವೈರಸ್ ಫೈಲುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ ಅಷ್ಟೆ ಎಂದು ಆಮೇಲೆ ತಿಳಿಯಿತು. ಅಳಿಸಿದವನು ನಾನೇ! ನನ್ನ ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್ ಇರಲಿಲ್ಲವೆ? ಇತ್ತು, ಹಣ ಕೊಟ್ಟದ್ದೇ. ಆದರೆ ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದೆ ಎರಡು ತಿಂಗಳಿಂದ ಅಪ್‌ಡೇಟ್ ಆಗಿರಲಿಲ್ಲ. ಹಳೆಯ ದ್ರಾವಣ ಹೊಡೆದು ಕೊಳೆ ಬಂತೆಂದು ಅತ್ತಂತಾಯಿತು.

ಉಚಿತದ್ದು ಯಾವುದು?

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆ್ಯಂಟಿವೈರಸ್ ಮೊದಲೇ ಸೇರಿಕೊಂಡಿದೆ. ಅದಕ್ಕೆ ಬೇರೆ ಬೆಲೆಯಿಲ್ಲ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ಇಂಥ ಕಾವಲುಗಾರರನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಹಲವು ಬಾರಿ ರಕ್ಷಣೆಗೆ 6ಕ್ಕೆ 6 ಅಂಕ ಪಡೆದಿದೆ. ಮನೆಯ ಬಳಕೆಗೆ ಇದು ಸಾಕು ಎಂಬುದೇ ನನ್ನ ಅಭಿಪ್ರಾಯ.

ಬೇರೆ ಉಚಿತ ಆ್ಯಂಟಿವೈರಸ್‌ಗಳೂ ಇವೆ. ಆದರೆ ಪುಕ್ಕಟೆ ಕೊಡುವವನು ಬದಲಿಗೆ ಏನು ತೆಗೆದುಕೊಳ್ಳುತ್ತಾನೆಂದು ವಿಚಾರಿಸತಕ್ಕದ್ದು. ಅವಾಸ್ಟ್ ಎಂಬ ಹೆಸರಾಂತ ಕಂಪನಿ, ಜನರು ಅಂತರ್ಜಾಲದಲ್ಲಿ ಏನೇನು ನೋಡಿದರೆಂಬ ವಿವರವನ್ನು ಮಾರಿಕೊಂಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದರ ಮೇಲೆ ಕ್ರಮ ಕೈಗೊಂಡು 1.65 ಕೋಟಿ ಡಾಲರ್ ಕಟ್ಟಿಸಿತು.

ಹಣ ಕೊಡುವುದು ಯಾವಾಗ ಸರಿ?

ಹಣದ ಆ್ಯಂಟಿವೈರಸ್ ಮೋಸವೆಂದು ನಾನು ಹೇಳುವುದಿಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮುಂತಾದವು ನಮ್ಮ ದೇಶದ್ದೇ ಕಂಪನಿಗಳು. ತೊಂದರೆಯಾದಾಗ ಫೋನಿನಲ್ಲಿ ಸಹಾಯ ಬೇಕೆನ್ನುವವರು, ಹಲವು ಕಂಪ್ಯೂಟರ್ ಮತ್ತು ಮೊಬೈಲ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಬೇಕಾದವರು, ಅಂಗಡಿಯೋ ಸಹಕಾರ ಸಂಘವೋ ನಡೆಸುವವರು ಕೊಳ್ಳಬಹುದು. ಕೊಳ್ಳುವ ಮುನ್ನ ಎರಡನೆಯ ವರ್ಷದ ದರವನ್ನೂ ಕೇಳಿರಿ. ಮೊದಲ ವರ್ಷ ಅಗ್ಗವಾಗಿದ್ದು, ಮುಂದಿನ ವರ್ಷ ಹೆಚ್ಚು ಹಣ ತಾನಾಗಿಯೇ ಖಾತೆಯಿಂದ ಹೋಗುವುದುಂಟು.

ಹೊಸ ಲ್ಯಾಪ್‌ಟಾಪಿನ ಜೊತೆ ಕೆಲವು ದಿನಗಳ ಪ್ರಯೋಗದ ಆ್ಯಂಟಿವೈರಸ್ ಬಂದಿರುವುದುಂಟು. ಅವಧಿ ಮುಗಿದಾಗ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಎಂದು ಕೆಂಪು ಅಕ್ಷರ ತೋರಿಸುತ್ತದೆ. ಹೆದರಬೇಕಾಗಿಲ್ಲ. ಬೇಡವಾದರೆ ಅದನ್ನು ತೆಗೆದುಹಾಕಿದರೆ ಡಿಫೆಂಡರ್ ತಾನೇ ಕೆಲಸಕ್ಕೆ ನಿಲ್ಲುತ್ತದೆ. ಎರಡು ಆ್ಯಂಟಿವೈರಸ್ ಒಟ್ಟಿಗೆ ಹಾಕಬಾರದು. ಒಂದೇ ಗದ್ದೆಗೆ ಇಬ್ಬರು ಯಜಮಾನರಾದಂತೆ ಕೆಲಸ ಕೆಡುತ್ತದೆ. ಹಣದ ಸಾಫ್ಟ್‌ವೇರಿನ ಕಳ್ಳಪ್ರತಿಯನ್ನಂತೂ ಮನೆಯೊಳಗೆ ಬಿಡಬೇಡಿರಿ. ಎಷ್ಟೋ ವೈರಸ್ ಬರುವುದೇ ಅದರ ಬೆನ್ನೇರಿ.

ಔಷಧಿಗಿಂತ ಮುಖ್ಯವಾದದ್ದು

2017ರ ಮೇ 12ರಂದು ವನ್ನಾಕ್ರೈ ಎಂಬ ಪಿಡುಗು ಹೊರಟು, ಕೆಲವೇ ದಿನಗಳಲ್ಲಿ 150 ದೇಶಗಳಿಗೆ ಹಬ್ಬಿತು. ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಕೇಳುತ್ತಿತ್ತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, ನಾಳೆ ನೋಡೋಣ ಎಂದವರು ಕೆಟ್ಟರು.

ಆದ್ದರಿಂದ ವಿಂಡೋಸಿನ ಅಪ್‌ಡೇಟ್‌ಗಳನ್ನು ಮುಂದೂಡಬಾರದು. ವಿಂಡೋಸ್ 7ಕ್ಕೆ ಉಚಿತ ತಿದ್ದುಪಡಿ 2020ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ರಕ್ಷಣೆಗೆ ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಅನಂತರವೂ ಸಿಕ್ಕಿತು. ಗೋಡೆ ಬಿರುಕು ಬಿಟ್ಟ ಮನೆಗೆ ಬಾಗಿಲಲ್ಲಿ ಎಷ್ಟು ದುಬಾರಿ ಬೀಗ ಹಾಕಿದರೇನು?

ಉಳಿದ ಹಣದಲ್ಲಿ ಒಂದು ಹಾರ್ಡ್‌ಡಿಸ್ಕ್ ಕೊಳ್ಳಿರಿ. ತಿಂಗಳಿಗೊಮ್ಮೆ ಲೆಕ್ಕ, ಫೋಟೋ, ಕಾಗದಪತ್ರಗಳ ಪ್ರತಿ ಮಾಡಿ, ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿಡಿರಿ. ಬೀಜದ ಭತ್ತವನ್ನು ಬೇರೆ ಕಟ್ಟಿಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಸರಿಮಾಡುತ್ತೇವೆ" ಎಂದು ಯಾರಾದರೂ ಫೋನ್ ಮಾಡಿದರೆ ಅವರು ಮೋಸಗಾರರೇ. ಒಟಿಪಿಯನ್ನು ನೀವೇ ಹೇಳಿಬಿಟ್ಟರೆ ಯಾವ ಆ್ಯಂಟಿವೈರಸ್ಸೂ ಹಣ ಉಳಿಸಲಾರದು. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿರಿ, ನಾಚಿಕೆಯಿಂದ ತಡಮಾಡಬೇಡಿರಿ. ವೈರಸ್ ಸ್ವಚ್ಛಗೊಳಿಸುವ ಉಚಿತ ಸಾಧನಗಳು ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಸಿಗುತ್ತವೆ.

ಮಾಡಬೇಕಾದ ಕೆಲಸ

1. ಸ್ಟಾರ್ಟ್ ಒತ್ತಿ "ವಿಂಡೋಸ್ ಸೆಕ್ಯುರಿಟಿ" ತೆರೆಯಿರಿ. ಹಸಿರು ಗುರುತು ಇದೆಯೇ ನೋಡಿರಿ.

2. ನೆಟ್‌ವರ್ಕ್ ಸಿಕ್ಕ ದಿನ, ಮೊಬೈಲಿನ ಹಾಟ್‌ಸ್ಪಾಟ್‌ನಿಂದಾದರೂ ಸರಿ, ಮೊದಲು ಅಪ್‌ಡೇಟ್ ಮುಗಿಸಿರಿ. ಬೇರೆ ಕೆಲಸ ಆಮೇಲೆ.

3. ಪೇಟೆಯಿಂದ ಬಂದ ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಫೈಲು ತೆರೆಯಬೇಡಿರಿ. ಅದರ ಮೇಲೆ ಬಲಗುಂಡಿ ಒತ್ತಿ ಸ್ಕ್ಯಾನ್ ಮಾಡಿರಿ.

4. ಫೈಲು ಕಾಣದಿದ್ದರೆ ಫಾರ್ಮ್ಯಾಟ್ ಮಾಡಬೇಡಿರಿ, ತಿಳಿದವರಿಗೆ ತೋರಿಸಿರಿ.

5. ತಿಂಗಳಿಗೊಮ್ಮೆ ಪ್ರತಿ ಮಾಡಿಡಿರಿ.

ಇಷ್ಟಕ್ಕೆ ಹಣ ಬೇಡ. ಅರ್ಧ ಗಂಟೆ ಸಾಕು. ಮಳೆ ಹಿಡಿದ ಮೇಲೆ ಕೊನೆಗಾರನನ್ನು ಹುಡುಕುತ್ತ ಹೊರಡುವವರ ಪಾಡು ನಮಗೆಲ್ಲ ಗೊತ್ತಿದೆ. ಆ ಪಾಡು ನಿಮ್ಮ ಮನೆಯ ಲೆಕ್ಕಪತ್ರಕ್ಕೆ ಬಾರದಿರಲಿ. ಸಂಶಯವಿದ್ದರೆ ನಾನು ನಿಮ್ಮ ಊರಿಗೆ ಬಂದಾಗ ಕೇಳಿರಿ, ಕೂತು ನೋಡೋಣ.