ಮಣಿಕಟ್ಟಿನ ಪಟ್ಟಿಯನ್ನು ಕಾಯುವ ಡಬ್ಬಿ

ಪಿಯುಸಿ ಮುಗಿದ ಮೇಲೆ ನಮ್ಮ ಕಾಲೇಜಿನವರು ಎಷ್ಟೋ ಜನ ಬಿ.ಕಾಂ. ಸೇರುವ ಬದಲು ನರಸಾಪುರ, ವೇಮಗಲ್ ಇಲ್ಲವೇ ಮಾಲೂರು ಕೈಗಾರಿಕಾ ಪ್ರದೇಶದ ಬಸ್ಸು ಹತ್ತುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಹುಡುಗಿಯರೂ ಇದ್ದಾರೆ. 2020ರಲ್ಲಿ ವಿಸ್ಟ್ರಾನ್ ಕಂಪನಿ ನರಸಾಪುರದಲ್ಲಿ ಐಫೋನ್ ಜೋಡಣೆ ಶುರು ಮಾಡಿತು. 2023ರಲ್ಲಿ ಟಾಟಾದವರು ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡರು. ಅಂದಿನಿಂದ ನಮ್ಮ ಜಿಲ್ಲೆಯಲ್ಲಿ ಟೊಮೆಟೊ, ಮಾವು, ಹಾಲಿನ ಜೊತೆ ಎಲೆಕ್ಟ್ರಾನಿಕ್ಸ್ ಎಂಬ ಮಾತೂ ಮನೆಮನೆಯಲ್ಲಿ ಕೇಳುತ್ತದೆ. ಇಂಥ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಸುತ್ತಾರೆ. ಅದರ ಸುರುಳಿ ತಂತಿಯ ಇನ್ನೊಂದು ತುದಿ ಮೇಜಿನ ಕೆಳಗಿನ ಚಿಕ್ಕ ಡಬ್ಬಿಗೆ ಸೇರುತ್ತದೆ. ಡಬ್ಬಿಯಲ್ಲಿ ಹಸಿರು ದೀಪ, ಕೆಂಪು ದೀಪ, ಒಂದು ಬಜರ್. ಅದೇ ಗ್ರೌಂಡ್ ಮಾನಿಟರ್. ಅದು ಯಾಕಿದೆ, ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದೇ ಈ ಪಾಠ.

ನಾನು ವಾಣಿಜ್ಯ ವಿಭಾಗದವನು. ಇದನ್ನು ವಿಜ್ಞಾನದವರು ಬರೆಯಬೇಕಿತ್ತು ಎಂದು ಕೆಲವರಿಗೆ ಅನಿಸಬಹುದು. ನಮ್ಮ ಖಾಲಾ ಮಗಳು, ನಾನು ಆಪಾ ಎಂದು ಕರೆಯುವವಳು, ಒಂದು ಸರ್ಕ್ಯೂಟ್ ಬೋರ್ಡ್ ಘಟಕದಲ್ಲಿ ಕೆಲಸ ಮಾಡುತ್ತಾಳೆ. ಅವಳ ಮೇಜಿನ ಡಬ್ಬಿ ಪದೇ ಪದೇ ಕೂಗುತ್ತಿತ್ತು. 'ನಿನ್ನಿಂದ ಲೈನ್ ನಿಲ್ಲುತ್ತಿದೆ' ಎಂಬ ಮಾತು ಬಂತು. ಬಜರ್‌ನ ಮೇಲೆ ಟೇಪು ಅಂಟಿಸಿಕೋ ಎಂದು ಪಕ್ಕದವರ ಸಲಹೆ. ಅವಳಿನ್ನೂ ಕಾಯಂ ಆಗಿಲ್ಲ. ಹಾಗಾಗಿ ಈ ಡಬ್ಬಿಯ ಲೆಕ್ಕ ನಮ್ಮ ಮನೆಯಲ್ಲಿ ಸಂಬಳದ ಲೆಕ್ಕವೂ ಆಯಿತು. ಮೂರು ಭಾನುವಾರ ಕೂತು ನಾವಿಬ್ಬರೂ ಓದಿದೆವು, ಭೌತಶಾಸ್ತ್ರದ ಸರ್ ಅವರನ್ನೂ ಕೇಳಿದೆವು.

ಮೊದಲು ಶತ್ರು ಯಾರು ನೋಡೋಣ. ಒಣ ತಲೆಗೂದಲಿಗೆ ಪ್ಲಾಸ್ಟಿಕ್ ಸ್ಕೇಲು ಉಜ್ಜಿ ಕಾಗದದ ಚೂರು ಎತ್ತುವ ಆಟ ಎಲ್ಲರೂ ಆಡಿದ್ದೇವೆ. ಎರಡು ವಸ್ತು ತಾಗಿ ಬೇರೆಯಾದಾಗ ಒಂದರ ಎಲೆಕ್ಟ್ರಾನ್‌ಗಳು ಇನ್ನೊಂದಕ್ಕೆ ಹೋಗಿ ಅಲ್ಲೇ ಕೂರುತ್ತವೆ. ಇದು ಸ್ಥಿರ ವಿದ್ಯುತ್. ಚಪ್ಪಲಿ ನೆಲಕ್ಕೆ ಉಜ್ಜಿದರೂ, ಪಾಲಿಯೆಸ್ಟರ್ ಬಟ್ಟೆ ಕುರ್ಚಿಗೆ ಉಜ್ಜಿದರೂ ನಮ್ಮ ಮೈಯಲ್ಲಿ ಅದು ಸೇರುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಮೆಲ್ಲಗೆ ಸೋರಿಹೋಗುತ್ತದೆ. ಒಣ ಗಾಳಿಯಲ್ಲಿ ನಿಲ್ಲುತ್ತದೆ. ಸಂಕ್ರಾಂತಿ ಕಳೆದು ಬಿಸಿಲೇರುವ ನಮ್ಮ ಕೋಲಾರದ ತಿಂಗಳುಗಳಲ್ಲಿ ಸಿಂಥೆಟಿಕ್ ದುಪಟ್ಟಾ ತೆಗೆಯುವಾಗ ಚಟಪಟ ಸದ್ದು ಬರುವುದು ಅದಕ್ಕೇ.

ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ ಎಂದರೆ ಮೈಯಲ್ಲಿ ಸುಮಾರು 3000 ವೋಲ್ಟ್ ಇತ್ತು ಎಂದು ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಇಂದಿನ ಚಿಪ್ಪುಗಳಲ್ಲಿ ಕೆಲವು 100 ವೋಲ್ಟ್‌ಗೂ ಕೆಟ್ಟುಹೋಗುತ್ತವೆ. ಅಂದರೆ ನಮಗೆ ಚುರುಕ್ ಎನ್ನುವ ಮಟ್ಟಕ್ಕೂ ಚಿಪ್ಪು ಸಾಯುವ ಮಟ್ಟಕ್ಕೂ ಮೂವತ್ತು ಪಟ್ಟು ಅಂತರ. ಈ ಅಂತರದಲ್ಲಿ ನಡೆಯುವುದನ್ನು ಕಣ್ಣು, ಕಿವಿ, ಚರ್ಮ ಯಾವುದೂ ಹೇಳುವುದಿಲ್ಲ. 'ನನಗೆ ಶಾಕ್ ಹೊಡೆದಿಲ್ಲ, ಹಾಗಾಗಿ ಬೋರ್ಡು ಸರಿಯಿದೆ' ಎಂಬ ಮಾತು ಇದಕ್ಕೇ ನಿಲ್ಲುವುದಿಲ್ಲ.

ಇನ್ನೂ ಕೆಟ್ಟದ್ದು ಒಂದಿದೆ. ಚಿಪ್ಪು ಪೂರ್ತಿ ಸತ್ತರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅರ್ಧ ಗಾಯವಾದರೆ ಅಂದು ಪಾಸಾಗಿ, ತಿಂಗಳುಗಳ ಮೇಲೆ ಗಿರಾಕಿಯ ಕೈಯಲ್ಲಿ ಕೈಕೊಡುತ್ತದೆ. ಆಗ ಅದು ಯಾರ ಮೇಜಿನಲ್ಲಿ ಗಾಯವಾಯಿತು ಎಂದು ಯಾರು ಹೇಳಬೇಕು?

ಪರಿಹಾರ ಸರಳ. ಮೈಯಲ್ಲಿ ಸೇರುವ ಚಾರ್ಜನ್ನು ಸೇರಿದಂತೆಯೇ ಭೂಮಿಗೆ ಇಳಿಸುತ್ತಿರಬೇಕು. ಪಟ್ಟಿ ಚರ್ಮಕ್ಕೆ ತಾಗಿರುತ್ತದೆ, ತಂತಿ ಅರ್ಥಿಂಗ್‌ಗೆ ಹೋಗುತ್ತದೆ, ಮೇಜಿನ ಮೇಲಿನ ಮ್ಯಾಟ್ ಕೂಡ ಅದೇ ಅರ್ಥಿಂಗ್‌ಗೆ ಸೇರುತ್ತದೆ. ಮನುಷ್ಯ, ಮ್ಯಾಟು, ಬೋರ್ಡು ಎಲ್ಲ ಒಂದೇ ಮಟ್ಟದಲ್ಲಿದ್ದರೆ ಒಂದರಿಂದ ಇನ್ನೊಂದಕ್ಕೆ ಜಿಗಿಯಲು ಏನೂ ಉಳಿಯುವುದಿಲ್ಲ.

ಇಲ್ಲಿ ಒಂದು ಅಂಶವನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಇದು ಜೀವದ ಪ್ರಶ್ನೆ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಕೆಲಸ ಕಲಿಯುವ ನಮ್ಮ ಹುಡುಗರಲ್ಲಿ ಕೆಲವರು ಬರೀ ತಾಮ್ರದ ತಂತಿಯನ್ನು ಕೈಗೆ ಸುತ್ತಿ ಪ್ಲಗ್ಗಿನ ಅರ್ಥ್ ಪಿನ್ನಿಗೆ ಸಿಕ್ಕಿಸುತ್ತಾರೆ. ಇದು ಬೇಡವೇ ಬೇಡ. ನಿಜವಾದ ಪಟ್ಟಿಯ ತಂತಿಯೊಳಗೆ ಒಂದು ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮ್ ರೋಧ ಅಡಗಿರುತ್ತದೆ. ಕೈ ತಪ್ಪಿ 230 ವೋಲ್ಟ್ ಇರುವ ತಂತಿ ಮುಟ್ಟಿದಿರಿ ಎಂದುಕೊಳ್ಳಿ. 230ನ್ನು ಹತ್ತು ಲಕ್ಷದಿಂದ ಭಾಗಿಸಿದರೆ 0.23 ಮಿಲಿ ಆಂಪಿಯರ್, ಗೊತ್ತಾಗುವುದೂ ಕಷ್ಟ. ಬರೀ ತಂತಿಯಾದರೆ ನಡುವೆ ನಿಮ್ಮ ಮೈ ಮಾತ್ರ. ಒದ್ದೆ ಮೈಯ ರೋಧ ಸಾವಿರ ಓಮ್ ಎಂದು ಹಿಡಿದರೆ 230 ಮಿಲಿ ಆಂಪಿಯರ್. ಮನೆಯ ಸೋರಿಕೆ ಬ್ರೇಕರ್ 30 ಮಿಲಿ ಆಂಪಿಯರ್‌ಗೇ ಬಿದ್ದುಹೋಗುವಂತೆ ಮಾಡಿರುತ್ತಾರೆ ಎಂಬುದನ್ನು ನೆನೆದರೆ ಈ ಅಂಕಿಯ ಅರ್ಥ ತಿಳಿಯುತ್ತದೆ.

ಅಷ್ಟು ದೊಡ್ಡ ರೋಧ ಇಟ್ಟರೆ ಚಾರ್ಜು ಇಳಿಯಲು ತಡವಾಗುವುದಿಲ್ಲವೇ? ಇಲ್ಲ. ಮನುಷ್ಯನ ಮೈಯನ್ನು ಸುಮಾರು 100 ಪಿಕೋ ಫ್ಯಾರಡ್‌ನ ಕೆಪಾಸಿಟರ್ ಎಂದು ಲೆಕ್ಕ ಹಿಡಿಯುತ್ತಾರೆ, ಬಹಳ ಚಿಕ್ಕದು. ಅಂತರರಾಷ್ಟ್ರೀಯ ಮಾನಕಗಳು ಪಟ್ಟಿ ಕಟ್ಟಿದ ವ್ಯಕ್ತಿಯಿಂದ ಭೂಮಿಯವರೆಗೆ ಒಟ್ಟು 35 ಮೆಗಾ ಓಮ್‌ಗಿಂತ ಕಡಿಮೆ ಇರಬೇಕು ಎನ್ನುತ್ತವೆ. ಆ ಮಿತಿಯಲ್ಲೇ ಇದ್ದರೂ 3000 ವೋಲ್ಟ್ ನೂರಕ್ಕೆ ಇಳಿಯಲು ಸುಮಾರು 12 ಮಿಲಿಸೆಕೆಂಡು ಸಾಕು. ಕಣ್ಣು ಮಿಟುಕಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಪಟ್ಟಿ ಇದ್ದ ಮೇಲೆ ಡಬ್ಬಿ ಯಾಕೆ? ಪಟ್ಟಿ ಕೆಟ್ಟದ್ದು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೆ. ಸುರುಳಿ ತಂತಿ ದಿನಕ್ಕೆ ನೂರಾರು ಸಲ ಎಳೆದು ಬಾಗಿ, ಗುಂಡಿಯ ಬಳಿ ಒಳಗೇ ತುಂಡಾಗುತ್ತದೆ. ಮೇಲಿನ ಪ್ಲಾಸ್ಟಿಕ್ ನೆಟ್ಟಗೇ ಇರುತ್ತದೆ. ಕೆಲವೊಮ್ಮೆ ಕೈ ಚಾಚಿದಾಗ ಮಾತ್ರ ಬಿಡುತ್ತದೆ, ಮಡಚಿದರೆ ಮತ್ತೆ ಸೇರುತ್ತದೆ. ಅನೇಕ ಕಡೆ ಬೆಳಿಗ್ಗೆ ಒಳಗೆ ಬರುವಾಗ ಬಾಗಿಲ ಬಳಿಯ ಪರೀಕ್ಷಾ ಯಂತ್ರಕ್ಕೆ ಪಟ್ಟಿ ಸಿಕ್ಕಿಸಿ, ಬೆರಳೊತ್ತಿ, ಪಾಸ್ ಎಂದು ಬರೆದು ಹೋಗುತ್ತಾರೆ. ಅದು ಆ ಕ್ಷಣದ ಸಾಕ್ಷಿ ಅಷ್ಟೇ.

ಇಲ್ಲಿ ನಮ್ಮ ವಿಭಾಗಕ್ಕೆ ಕೆಲಸವಿದೆ. ಲೆಕ್ಕಕ್ಕಾಗಿ ನಾನೇ ಹಿಡಿದ ಅಂಕಿ: ಒಂದು ಮೇಜಿನಲ್ಲಿ ಗಂಟೆಗೆ 60 ಬೋರ್ಡು, ಎಂಟು ಗಂಟೆಗೆ 480. ಇಂದು ಬೆಳಿಗ್ಗೆ ಪಾಸಾದ ಪಟ್ಟಿ ನಾಳೆ ಬೆಳಿಗ್ಗೆ ಫೇಲಾದರೆ, ತಂತಿ ಯಾವಾಗ ತುಂಡಾಯಿತು ಎಂದು ಯಾರಿಗೂ ಗೊತ್ತಿಲ್ಲ. 480 ಬೋರ್ಡೂ ಅನುಮಾನಕ್ಕೆ ಬಿದ್ದವು. ಒಂದರ ಮರುಪರೀಕ್ಷೆಗೆ 50 ರೂಪಾಯಿ ಎಂದರೆ 24,000 ರೂಪಾಯಿ. ಆದರೂ ಅರ್ಧ ಗಾಯವಾದವು ಆ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಹಾಗಾಗಿ ದುಡ್ಡೂ ಹೋಯಿತು, ಅನುಮಾನವೂ ಉಳಿಯಿತು. ಮಾನಿಟರ್ ಇದ್ದರೆ ತಂತಿ ಬಿಟ್ಟ ಕೂಡಲೇ ಕೆಂಪು ದೀಪ. ಪಕ್ಕಕ್ಕಿಡಬೇಕಾದ್ದು ಕೈಯಲ್ಲಿದ್ದ ಒಂದೋ ಎರಡೋ ಬೋರ್ಡು. ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ 'ನಿಯಂತ್ರಣ' ಎಂಬ ಅಧ್ಯಾಯವಿದೆ: ಮಾನಕ ನಿಗದಿ, ನಿಜವಾದ ಸಾಧನೆಯ ಅಳತೆ, ಹೋಲಿಕೆ, ವಿಚಲನೆ, ಸರಿಪಡಿಸುವ ಕ್ರಮ. ಇದನ್ನು ಬಾಯಿಪಾಠ ಮಾಡಿದವರು ಈ ಡಬ್ಬಿಯನ್ನು ಒಮ್ಮೆ ನೋಡಬೇಕು. ಮೊದಲ ನಾಲ್ಕು ಹಂತವನ್ನು ಅದು ಬಿಡುವಿಲ್ಲದೆ ಮಾಡುತ್ತಿರುತ್ತದೆ. ಐದನೆಯದು ಮಾತ್ರ ಮನುಷ್ಯರದು, ಮತ್ತು ತಪ್ಪುವುದೂ ಅಲ್ಲೇ.

ಡಬ್ಬಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ತಂತಿಯ ಬಗೆಯದು ಸಣ್ಣ ಏರಿಳಿಯುವ ಸಂಕೇತ ಕಳಿಸಿ, ಆ ತುದಿಯಲ್ಲಿ ಮೈ ಎಂಬ ಕೆಪಾಸಿಟರ್ ಇದೆಯೇ ಎಂದು ಊಹಿಸುತ್ತದೆ. ಸಾಮಾನ್ಯ ಪಟ್ಟಿಯೇ ಸಾಕು, ಖರ್ಚು ಕಡಿಮೆ. ಆದರೆ ಮೈಕಟ್ಟು, ಕೂರುವ ಭಂಗಿ, ಸುತ್ತಲಿನ ವಸ್ತುಗಳ ಮೇಲೆ ಅಳತೆ ಬದಲಾಗುವುದರಿಂದ ಮೋಸ ಹೋಗುವ ಸಾಧ್ಯತೆ ಇದೆ. ಎರಡು ತಂತಿಯ ಬಗೆಯಲ್ಲಿ ಪಟ್ಟಿಯೇ ಎರಡು ಭಾಗ, ಒಂದಕ್ಕೊಂದು ತಾಗುವುದಿಲ್ಲ. ಡಬ್ಬಿ ಒಂದು ಭಾಗದಿಂದ ಬಹಳ ಸಣ್ಣ ಪ್ರವಾಹ ಕಳಿಸುತ್ತದೆ; ಅದು ಚರ್ಮದ ಮೂಲಕ ಹಾದು ಇನ್ನೊಂದು ಭಾಗದಿಂದ ಹಿಂದಿರುಗಬೇಕು. ಎರಡೂ ತಂತಿಯಲ್ಲಿ ಒಂದೊಂದು ಮೆಗಾ ಓಮ್ ಇರುವುದರಿಂದ ಸುತ್ತು ಎರಡು ಮೆಗಾ ಓಮ್‌ಗಿಂತ ಮೇಲಿರಬೇಕು. ತೀರಾ ಕಡಿಮೆ ಬಂದರೆ ರೋಧ ಎಲ್ಲೋ ಶಾರ್ಟ್ ಆಗಿದೆ, ತೀರಾ ಹೆಚ್ಚಿದರೆ ತಂತಿ ತುಂಡಾಗಿದೆ ಇಲ್ಲವೇ ಪಟ್ಟಿ ಚರ್ಮಕ್ಕೆ ಕೂತಿಲ್ಲ. ಒಂದು ತಂತಿ ಹೋದರೂ ಇನ್ನೊಂದು ಕಾಯುತ್ತದೆ ಎಂಬುದು ಇದರ ದೊಡ್ಡ ಲಾಭ. ನನ್ನನ್ನು ಕೇಳಿದರೆ, ದುಬಾರಿಯಾದರೂ ಇದೇ ಸರಿ.

ಆಪಾಳದು ಎರಡು ತಂತಿಯದೇ. ಹಾಗಾದರೆ ಅದು ಯಾಕೆ ಕೂಗುತ್ತಿತ್ತು? ಗುಟ್ಟು ಬಿಡಿಸಿದ್ದು ಅವಳೇ. ಊಟದ ಬಿಡುವಿನಲ್ಲಿ ವುಝೂ ಮಾಡಿ ಝುಹರ್ ನಮಾಜ್ ಮುಗಿಸಿ ಬಂದರೆ ಅರ್ಧ ಗಂಟೆ ಡಬ್ಬಿ ತೆಪ್ಪಗಿರುತ್ತದೆ, ಆಮೇಲೆ ಮತ್ತೆ ಶುರು. ವುಝೂವಿನಲ್ಲಿ ಮೊಣಕೈವರೆಗೆ ತೊಳೆಯುತ್ತೇವಲ್ಲ, ಮಣಿಕಟ್ಟು ತೇವವಾಗಿರುತ್ತದೆ. ಒಣಗಿದ ಚರ್ಮದ ರೋಧ ಏರಿ ಮಿತಿ ದಾಟುತ್ತದೆ. ಡಬ್ಬಿ ಸುಳ್ಳು ಹೇಳುತ್ತಿರಲಿಲ್ಲ, ಅವಳೂ ತಪ್ಪು ಮಾಡುತ್ತಿರಲಿಲ್ಲ. ಇದಕ್ಕೆಂದೇ ಕೈಗೆ ಹಚ್ಚುವ ಲೋಷನ್ ಇದೆ. ಮನೆಯ ಕ್ರೀಮು, ಎಣ್ಣೆ ಬಳಸಬಾರದು. ಅದು ಬೋರ್ಡಿಗೂ ಅಂಟುತ್ತದೆ. ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಅದರ ಒಳಬದಿಯ ಕೊಳೆ ಒರೆಸಿದರೂ ಬಹಳ ವ್ಯತ್ಯಾಸ. ನಮ್ಮ ಪ್ರಯೋಗಾಲಯದಲ್ಲಿ ಇದನ್ನು ನೋಡಬಹುದು: ಮಲ್ಟಿಮೀಟರನ್ನು ಮೆಗಾ ಓಮ್‌ಗೆ ತಿರುಗಿಸಿ, ಎರಡು ಕಡ್ಡಿಯನ್ನು ಎರಡು ಕೈಯ ಒಣ ಬೆರಳಲ್ಲಿ ಹಿಡಿದು ಅಂಕಿ ಬರೆದುಕೊಳ್ಳಿ, ಆಮೇಲೆ ಬೆರಳು ಒದ್ದೆ ಮಾಡಿ ಹಿಡಿಯಿರಿ. ಅಂಕಿ ಥಟ್ಟನೆ ಬೀಳುತ್ತದೆ. ಕಡ್ಡಿಗಳನ್ನು ಬೇರೆ ಯಾವುದಕ್ಕೂ ಸಿಕ್ಕಿಸಬೇಡಿ.

ಹಸಿರು ದೀಪ ಇದ್ದರೆ ಎಲ್ಲ ಸರಿ ಎಂದೂ ಅಲ್ಲ. ಪಟ್ಟಿ ಚರ್ಮದ ಚಾರ್ಜನ್ನು ಇಳಿಸುತ್ತದೆ, ಬಟ್ಟೆಯದನ್ನಲ್ಲ. ಪಾಲಿಯೆಸ್ಟರ್ ವಿದ್ಯುತ್ ಹರಿಯಬಿಡುವುದಿಲ್ಲ, ಆದ್ದರಿಂದ ಅದನ್ನು ಅರ್ಥಿಂಗ್ ಮಾಡಲು ಆಗುವುದೇ ಇಲ್ಲ. ಹಿಜಾಬ್, ದುಪಟ್ಟಾ, ಸ್ವೆಟರ್ ಎಲ್ಲವೂ ವಾಹಕ ಎಳೆ ನೇಯ್ದ ಕೋಟಿನ ಒಳಗೆ ಇರಬೇಕೆಂದು ಹೇಳುವುದು ಇದಕ್ಕೆ. ಹತ್ತಿಯದಾದರೆ ತೊಂದರೆ ಕಡಿಮೆ. ಅದರಂತೆ ಥರ್ಮೋಕೋಲ್ ಲೋಟ, ಪಾಲಿಥಿನ್ ಕವರು, ಅಂಟು ಟೇಪಿನ ಸುರುಳಿ ಇವನ್ನು ಬೋರ್ಡಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರ ಇಡಬೇಕು. ಬಜರ್‌ಗೆ ಅಂಟಿಸಲು ಟೇಪು ಎಳೆದಾಗಲೇ ಸಾವಿರಾರು ವೋಲ್ಟ್ ಹುಟ್ಟುತ್ತದೆ ಎಂದು ಆಪಾಗೆ ಹೇಳಿದಾಗ ಅವಳು ಬಹಳ ನಕ್ಕಳು.

ಅರ್ಥಿಂಗ್ ಬಗ್ಗೆ ನಮ್ಮ ಜಿಲ್ಲೆಯವರು ಒಂದು ಮಾತು ಹೆಚ್ಚು ತಿಳಿದಿರಬೇಕು. ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ 1902ರಲ್ಲೇ ವಿದ್ಯುತ್ ಬಂದ ನೆಲ ಇದು. ಆದರೆ ವರ್ಷವಿಡೀ ಹರಿಯುವ ನದಿ ಇಲ್ಲದ ನೆಲವೂ ಹೌದು. ಕಟ್ಟಡದ ಪಕ್ಕದ ಅರ್ಥಿಂಗ್ ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬಿರುತ್ತಾರೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದರ ರೋಧ ಏರುತ್ತದೆ. ಸ್ಥಿರ ವಿದ್ಯುತ್ತಿಗೆ ಒಣ ಗುಂಡಿಯೂ ಸಾಕಾದೀತು, ಅದು ಮೆಗಾ ಓಮ್‌ಗಳ ಲೆಕ್ಕ. ಸೋಲ್ಡರಿಂಗ್ ಯಂತ್ರದಿಂದ ಸೋರಿದ 230 ವೋಲ್ಟಿಗೆ ಸಾಲದು, ಅದಕ್ಕೆ ಕೆಲವೇ ಓಮ್ ಇರಬೇಕು. ಗುಂಡಿಗೆ ನೀರು ಹಾಕುವ ಕೆಲಸ ಯಾರದು ಎಂದು ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಗೂ ಕೇಳಬೇಕಾದ ಪ್ರಶ್ನೆ.

ಕೆಂಪು ದೀಪ ಬಂದಾಗ ಮಾಡುವುದಿಷ್ಟು. ಕೈಯಲ್ಲಿರುವ ಬೋರ್ಡನ್ನು ಮ್ಯಾಟ್ ಮೇಲೆ ಬಿಟ್ಟು ಕೈ ತೆಗೆಯಿರಿ. ಪಟ್ಟಿ ಬಿಗಿ ಮಾಡಿ, ಲೋಷನ್ ಹಚ್ಚಿ. ಹೋಗದಿದ್ದರೆ ಬೇರೆ ತಂತಿ ಕೇಳಿ. ಆ ಬೋರ್ಡಿನ ಮೇಲೆ ಗುರುತು ಹಾಕಿಸಿ, ಗಂಟೆ ನಿಮಿಷವನ್ನು ರಿಜಿಸ್ಟರ್‌ನಲ್ಲಿ ಬರೆಸಿ. ಈ ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಮುಂದೆ ಎಂದೋ ಒಂದು ಬೋರ್ಡು ವಾಪಸ್ ಬಂದು 'ಈ ಮೇಜಿನದು' ಎಂದರೆ, ಆ ದಿನ ಇಡೀ ಪಾಳಿ ಹಸಿರು ಇತ್ತು, 11.40ಕ್ಕೆ ಕೆಂಪಾದಾಗ ಇಂಥ ಬೋರ್ಡು ಪಕ್ಕಕ್ಕಿಟ್ಟಿದ್ದೇನೆ ಎಂದು ತೋರಿಸಲು ಹುಡುಗಿಯ ಕೈಯಲ್ಲಿರುವ ಕಾಗದ ಅದೊಂದೇ. ಬಜರ್ ಮುಚ್ಚಿದವಳ ಕೈಯಲ್ಲಿ ಅದೂ ಇರುವುದಿಲ್ಲ.

ಆಪಾಳ ಲೈನಿನಲ್ಲಿ ಈಗ ಲೋಷನ್ ಬಾಟಲಿ ಬಂದಿದೆ, ಇಬ್ಬರ ನಡುವೆ ಒಂದು. ಪಾಳಿ ಶುರುವಾದಾಗ ಅವಳು ಇನ್ನೊಂದು ಕೆಲಸವನ್ನೂ ಮಾಡುತ್ತಾಳೆ: ಪಟ್ಟಿ ಕಟ್ಟಿ ಹಸಿರು ನೋಡಿದ ಮೇಲೆ ಬೇಕೆಂದೇ ಗುಂಡಿ ಬಿಚ್ಚುತ್ತಾಳೆ. ಡಬ್ಬಿ ಕೂಗಬೇಕು. ಕೂಗದಿದ್ದರೆ ಕೆಟ್ಟಿರುವುದು ಡಬ್ಬಿಯೇ, ಆ ಮೇಜಿನಲ್ಲಿ ಕೂರಬಾರದು.