ಕೊಕ್ಕರೆಬೆಳ್ಳೂರಿಗೆ ಕ್ಯಾಮೆರಾ ಹಿಡಿದು ಹೊರಟಿದ್ದೀರಾ?

ವನ್ಯಜೀವಿ ಛಾಯಾಗ್ರಹಣ ಕಲಿಯಲು ದುಬಾರಿ ಸಫಾರಿಯೇ ಆಗಬೇಕೆಂದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆಹಣ್ಣಿನ ಆದಾಯ ಬಿಟ್ಟು ಹಕ್ಕಿಗಳಿಗೆ ಮರ ಉಳಿಸಿಕೊಟ್ಟವರು ಇಲ್ಲಿನ ರೈತರು. ಮರದ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನದ ವ್ಯವಸ್ಥೆಯೂ ಬಂತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಸಮಯ: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗೂಡುಗಳಲ್ಲಿ ಮರಿಗಳಿರುತ್ತವೆ. ಬೆಳಗಿನ ಎಳೆಬಿಸಿಲಿಗೆ ಅಲ್ಲಿರುವಂತೆ ಹೊರಡಿ. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ತಿರುಗಬೇಕು.

ನಿಲ್ಲುವ ಜಾಗ: ಇದೇ ಎಲ್ಲಕ್ಕಿಂತ ಮುಖ್ಯ. ಮರದ ಬುಡಕ್ಕೆ ಹೋಗದೆ, ಬೀದಿಯ ಅಂಚಿನಲ್ಲೋ, ಮನೆಯವರನ್ನು ಕೇಳಿಕೊಂಡು ಅವರ ಜಗಲಿಯಲ್ಲೋ ಸುಮ್ಮನೆ ನಿಲ್ಲಿ. ಗೂಡಿನಲ್ಲಿರುವ ಹಕ್ಕಿ ಕತ್ತು ನಿಗುರಿಸಿ ನಿಮ್ಮನ್ನೇ ನೋಡತೊಡಗಿದರೆ ಹಿಂದೆ ಸರಿಯಿರಿ. ಅದು ಎದ್ದು ಹಾರಿದರೆ ಮೊಟ್ಟೆ ಕಾಗೆ, ಹದ್ದುಗಳ ಪಾಲಾಗಬಹುದು. ರೆಕ್ಕೆ ಮೂಡದ ಮರಿಯ ಜೀವ ಹೋಗಲು ಬೇಸಿಗೆಯ ಬಿಸಿಲೇ ಸಾಕು. ಬಣ್ಣದ ಕೊಕ್ಕರೆ ನಡುಹಗಲಲ್ಲಿ ರೆಕ್ಕೆ ಹರಡಿ ನಿಲ್ಲುವುದು ಮರಿಗಳಿಗೆ ನೆರಳಾಗಲೆಂದೇ. ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸುವುದು, ಡ್ರೋನ್ ಬಿಡುವುದು, ಗೂಡು ಕಾಣಲೆಂದು ಕೊಂಬೆ ಸರಿಸುವುದು ಕ್ರೌರ್ಯವೆಂದೇ ನಾನು ಹೇಳುತ್ತೇನೆ.

ಕ್ಯಾಮೆರಾ: ಗೂಡುಗಳು ಹತ್ತಿರವೇ ಇರುವುದರಿಂದ 300 ಎಂಎಂ ಲೆನ್ಸ್ ಧಾರಾಳವಾಯಿತು. ಹಾರುವ ಹಕ್ಕಿಗೆ ಶಟರ್ ವೇಗ 1/1600 ಸೆಕೆಂಡಿನ ಆಸುಪಾಸಿರಲಿ. ಬೆಳ್ಳನೆಯ ಆಕಾಶ ಹಿನ್ನೆಲೆಯಾದಾಗ ಹಕ್ಕಿ ಕಪ್ಪಾಗಿ ಬೀಳುತ್ತದೆ, ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಹೆಚ್ಚಿಸಿ. ಕಡು ಎಲೆಗಳ ಮುಂದೆ ಬಿಳಿ ಗರಿಗಳ ವಿವರ ಸುಟ್ಟುಹೋಗುತ್ತದೆ, ಅಲ್ಲಿ ತುಸು ತಗ್ಗಿಸಿ. ಫ್ಲ್ಯಾಶ್ ಬೇಡ.

ಬಿದ್ದ ಮರಿ ಕಂಡರೆ: ನೀವೇ ಎತ್ತಬೇಡಿ, ಸುತ್ತುವರಿದು ಫೋಟೊ ತೆಗೆಯುತ್ತಲೂ ನಿಲ್ಲಬೇಡಿ. ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗದವರು ಮಾಡುತ್ತ ಬಂದಿದ್ದಾರೆ. ಅವರಿಗೋ ಅರಣ್ಯ ಸಿಬ್ಬಂದಿಗೋ ತಕ್ಷಣ ತಿಳಿಸಿ. ಯಾರೂ ಸಿಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ಮನೆಗೆ ಬಂದ ಮೇಲೆ: ಚಂದದ ಒಂದೆರಡು ಚಿತ್ರ ಆರಿಸಿ ಉಳಿದದ್ದನ್ನು ಅಳಿಸುವ ಮುನ್ನ ಇಡೀ ಮರದ ಚಿತ್ರಗಳನ್ನು ತೆಗೆದಿಡಿ. ದಿನಾಂಕ, ಮರದ ಜಾತಿ, ಕಂಡ ಗೂಡುಗಳ ಸಂಖ್ಯೆ, ಮರಿಗಳ ಸಂಖ್ಯೆ ಬರೆದಿಟ್ಟು ಹಕ್ಕಿ ವೀಕ್ಷಕರ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿ. ಪ್ರತಿವರ್ಷ ಅದೇ ಜಾಗದಿಂದ ಅದೇ ಮರವನ್ನು ತೆಗೆದರೆ ಗೂಡು ಹೆಚ್ಚಿದೆಯೋ ಕಡಿಮೆಯಾಗಿದೆಯೋ ಕಣ್ಣಿಗೇ ಕಾಣುತ್ತದೆ. ಸಂರಕ್ಷಣೆಗೆ ಬೇಕಾದದ್ದು ಇಂಥ ಚಿತ್ರ. ಹಕ್ಕಿಯ ಕಾಲಿನಲ್ಲಿ ಉಂಗುರ ಕಂಡರೆ ಹಿಗ್ಗಿಸಿ ಸಂಖ್ಯೆ ಓದಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ. ಮರದ ಒಡೆಯರಿಗೂ ಒಂದು ಪ್ರಿಂಟ್ ಕೊಡಿ.